ಕುಂಕುಮ ಹಚ್ಚುವ ಜಾಗ

ದಸರೆಯ ಖಂಡೆಪೂಜೆಯ ದಿನ ಅಜ್ಜನ ರೈಫಲ್ಲಿಗೆ ಕುಂಕುಮ ಹಚ್ಚುವುದು ನನ್ನ ಕೆಲಸ. ಐದು ವರ್ಷದವಳಿದ್ದಾಗಿನಿಂದ. ಕುಡಗೋಲು, ಕೊಡಲಿಗೆ ಎಲ್ಲಿ ಹಚ್ಚಿದರೂ ನಡೆಯುತ್ತಿತ್ತು. ರೈಫಲ್ಲಿಗೆ ಮಾತ್ರ ಅಜ್ಜ ನನ್ನ ಬೆರಳು ಹಿಡಿದು ನಳಿಕೆಯ ಬುಡಕ್ಕೆ ಒಯ್ಯುತ್ತಿದ್ದ.

"ಇಲ್ಲಿ ದಪ್ಪಗೆ ಒತ್ತು ಸುವರ್ಣವ್ವಾ. ಇಲ್ಲಿ ದೇವಿ ಕುಂತಾಳ. ಎಂದೂ ಒರಸಬಾರದು."

ಮೇಲೊಂದು ಹನಿ ಎಣ್ಣೆ. ನಾನು ಹಚ್ಚಿದ ಹದಿನೆಂಟು ವರ್ಷದ ಕುಂಕುಮ ಅಲ್ಲಿ ಅರಗಿನಂತೆ ಕೂತಿತ್ತು.

ಅರವತ್ತೈದರ ಲಡಾಯಿಯಲ್ಲಿ ಇದೇ ರೈಫಲ್ ಹಿಡಿದು ಅಜ್ಜ ಒಬ್ಬನೇ ಒಂದು ಸೇತುವೆ ಕಾದಿದ್ದನಂತೆ. ಸಾಹೇಬರು ಖುಷಿಯಾಗಿ ಅದನ್ನೇ ಇನಾಮು ಕೊಟ್ಟರಂತೆ. ಆರನೇ ಇಯತ್ತೆಯಿಂದ ಈ ಕಥೆಯನ್ನು ಡೈರಿಯಲ್ಲಿ ಬರೆಯುತ್ತ ಬಂದಿದ್ದೇನೆ. ನಾಲ್ಕು ಜನರೆದುರು ಬಾಯಿ ಬಾರದವಳು ನಾನು. ಈ ಮನುಷ್ಯನ ಮೊಮ್ಮಗಳು ಅನ್ನುವುದೊಂದೇ ನನ್ನ ಧೈರ್ಯ. ಅದಕ್ಕೇ ನಾನು ಕಲಿತ ಝಳಕಿಯ ಸಾಲಿಯಲ್ಲಿ ಅಜ್ಜನ ಸನ್ಮಾನ ಅಂದಾಗ, ಅವನ ಕಥೆಯನ್ನು ನಾನೇ ನಿಂತು ಓದುತ್ತೇನೆ ಎಂದು ಒಪ್ಪಿಕೊಂಡೆ. ಸುಮೇಧಾ ಟೀಚರ್ ಒಂದೇ ಮಾತು ಕೇಳಿದ್ದರು: "ರೈಫಲ್ ಯಾವ ಜಾತಿದು, ಅದನ್ನೂ ಬರಿ."

ಹಬ್ಬದ ಹಿಂದಿನ ದಿನ ಗೆಳತಿ ಮುಬೀನಾಳ ಅಪ್ಪ ಗೈಬುಸಾಬರನ್ನು ಕರೆಸಿದೆ. ಆಲಮೇಲದವರು, ಫೌಜಿನಲ್ಲಿ ಇಪ್ಪತ್ತೆರಡು ವರ್ಷ ಬಂದೂಕು ದುರಸ್ತಿ ಮಾಡಿದವರು. ಅಜ್ಜ ಕಟಿಂಗಿಗೆ ಹೋಗಿದ್ದ.

ಅವರು ಬೋಲ್ಟ್ ಎಳೆದು ತೆಗೆದು, ನಳಿಕೆಯನ್ನು ಬಾಗಿಲ ಬೆಳಕಿಗೆ ಹಿಡಿದರು. "ನೋಡು ಬೇಟಿ, ಒಳಗೇನು ಕಾಣ್ತೈತಿ?"

"ಏನಿಲ್ರಿ ಕಾಕಾ. ನುಣ್ಣಗೈತಿ."

"ಲಡಾಯಿ ರೈಫಲ್ಲಿಗೆ ಒಳಗ ಸುರುಳಿ ಗೆರಿ ಇರ್ತಾವ. ಗುಂಡು ತಿರುಗಿಕೋತ ಹೋಗಬೇಕಲ್ಲ." ಕುಂಕುಮದ ಮೇಲೆ ಬೆರಳಿಟ್ಟು ಹಿಂದಕ್ಕೆ ತೆಗೆದುಕೊಂಡರು. "ಇದರ ಬುಡಕ ನಂಬರ್ ಕೆತ್ತಿರ್ತಾರ. ಪೂಜಾದ್ದು, ನಾ ಮುಟ್ಟೂದು ಬ್ಯಾಡ. ನೀನ ಒರಸು."

ಸೀಮೆಎಣ್ಣೆಯ ಅರಿವೆಯಿಂದ ತಿಕ್ಕಿದೆ. ಕೆಂಪು ಚಕ್ಕೆಗಳು ಉದುರಿದವು. ನಾಲ್ಕು. ಒಂದು. ಸೊನ್ನೆ.

"ಮೈ ನೋಡಿದ್ರ ಫೌಜಿಂದು, ನಳಿಕಿ ಬ್ಯಾರೆ. ನಾನೂರಾ ಹತ್ತು ಅಂದ್ರ ಛರ್ರಾ, ಸಣ್ಣ ಸಣ್ಣ ಗುಂಡು, ಹೊಡಿಯೋ ಕಾವಲು ಬಂದೂಕ. ಗೋದಾಮು ಕಾಯೋರಿಗೆ ಕೊಡ್ತಿದ್ರು. ಇದನ್ನ ಲಡಾಯಿಗೆ ಯಾರು ಒಯ್ತಾರ?" ನಗುತ್ತ ತಲೆಯೆತ್ತಿದವರು ನನ್ನ ಮುಖ ನೋಡಿದರು. ಚಹಾ ಮುಗಿಸದೆ ಎದ್ದರು. "ನಾ ಬಂದಿಲ್ಲಂತ ತಿಳಿ, ಬೇಟಿ."

ನಾನು ಹೋಗಿ ಕೇಳಿದರೂ ಅಡುಗೆಮನೆಯಲ್ಲಿ ಹೊನ್ನವ್ವಜ್ಜಿ ಶೇಂಗಾ ಹೋಳಿಗೆ ಲಟ್ಟಿಸುತ್ತಲೇ ಇದ್ದಳು.

"ನಿಮ್ಮಜ್ಜ ಸೋಲಾಪುರದಾಗ ಗಿರಣಿ ಗೋದಾಮು ಕಾಯ್ತಿದ್ರು. ಗಿರಣಿ ಮುಚ್ಚಿದಾಗ ಅಲ್ಲಿ ಬಂದೂಕನ್ನ ಲೈಸನ್ಸ್ ಮಾಡಿಸಿ ತಂದ್ರು. ಇಲ್ಲಿ ಯಾರೋ, ಫೌಜಿಂದೇನ್ರಿ ಅಂದ್ರು. ಇವ್ರು ಹೂಂ ಅಂದ್ರು. ಅಷ್ಟ."

"ನಿನಗ ಗೊತ್ತಿತ್ತೇನಬೇ?"

"ಗೊತ್ತಿರಲಾರದೇನು? ದಿನಾ ಬುತ್ತಿ ಕಟ್ಟಿದಾಕಿ ನಾನ."

ಅಜ್ಜ ಬಂದ. ನನ್ನನ್ನು ನೋಡಲಿಲ್ಲ, ಮೊದಲು ನಳಿಕೆಯ ಬುಡ ನೋಡಿದ.

"ಯಾರು ಒರಸಿದ್ರು?"

"ನಾನು. ಸುಳ್ಳು ನೀ ಹೇಳಿದಿ ಅಜ್ಜಾ. ಮುಚ್ಚೂದು ನನ್ನ ಕೈಲೆ ಯಾಕ ಮಾಡಿಸಿದಿ?"

ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುವಿದ. "ಮೊದಲ ನಾನ ಹಚ್ಚತಿದ್ನಿ. ಕೈ ನಡಗಾಕತ್ತಿತು. ನಿನ್ನ ಬೆರಳು ಸಣ್ಣದಿತ್ತು, ಕೆತ್ತಿದ್ದರಾಗ ಛಂದ ಹೋಗ್ತಿತ್ತು." ಆಮೇಲೆ ದನಿ ತಗ್ಗಿಸಿ, "ಸನ್ಮಾನ ಒಂದು ಮುಗೀಲಿ, ನಮ್ಮವ್ವಾ," ಅಂದ.

ಟೀಚರಿಗೆ ಮೆಸೇಜು ಮಾಡಿದೆ: "ಬಂದೂಕಿನ ಜಾತಿ ತಿಳೀತ್ರಿ. ಕಥಿ ಓದೂದು ನನ್ನಿಂದ ಆಗೂದಿಲ್ರಿ." ಯಾಕೆ ಅಂತ ಅವರು ಕೇಳಿದರು. ಅದಕ್ಕೆ ಉತ್ತರ ಬರೆಯುವ ಧೈರ್ಯ ನನಗಿರಲಿಲ್ಲ.

ಮರುದಿನ ಓಣಿಯವರೆಲ್ಲ ಪೂಜೆಗೆ ಬಂದರು. ಅಜ್ಜ ಕುಂಕುಮದ ಬಟ್ಟಲು ಚಾಚಿದ. ನಾನು ಕಟ್ಟಿಗೆಯ ಹಿಡಿಕೆಗೆ ಹಚ್ಚಿದೆ.

"ಅಲ್ಲಲ್ಲವ್ವಾ, ಇಲ್ಲಿ," ಎಂದು ನನ್ನ ಬೆರಳು ಹಿಡಿಯಲು ಬಂದ. ಕೈ ಹಿಂದೆ ಎಳೆದುಕೊಂಡೆ.

ಅವನು ಸುತ್ತ ನಿಂತವರನ್ನು ನೋಡಿದ. ಆಮೇಲೆ ನಡುಗುವ ತನ್ನ ಬೆರಳನ್ನೇ ಬಟ್ಟಲಲ್ಲಿ ಅದ್ದಿ, ಆ ಮೂರು ಅಂಕಿಗಳ ಮೇಲೆ ಒತ್ತಿದ.

"ಗುರಪ್ಪಕಾಕಾ, ಆ ಸೇತುವಿ ಕಥಿ ಹೇಳ್ರಿ," ಯಾರೋ ಅಜ್ಜನಿಗೆ ಅಂದರು.

ಅವನು ಗಂಟಲು ಸರಿಮಾಡಿಕೊಂಡು ಶುರುಮಾಡಿದ. ನಾನು ಬಚ್ಚಲಿಗೆ ಹೋಗಿ ಬೆರಳು ತೊಳೆಯುತ್ತ ನಿಂತೆ. ಅಲ್ಲಿಗೂ ಕೇಳುತ್ತಿತ್ತು.