ಇಬ್ಬನಿ ಬಿಂದು

ಹೆದರಿಕೆಯಾದಾಗ ನನ್ನ ಮುಖದ ಮೇಲೆ ನಗು ಬರುತ್ತದೆ. ಇದನ್ನು ನನ್ನ ಡೈರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಬೈಸಿಕೊಳ್ಳುವಾಗ, ಸಂದರ್ಶನದಲ್ಲಿ, ಅಪ್ಪನ ಹೆಣ ಎತ್ತುವಾಗ ಕೂಡ ತುಟಿ ತಾನಾಗಿ ಅಗಲವಾಗಿತ್ತು. ಒಳಗೆ ಹೆದರಿಕೆ ಇರುತ್ತದೆ, ಹೊರಗೆ ಹಲ್ಲು ಕಾಣುತ್ತಿರುತ್ತದೆ. ಅದಕ್ಕೇ ಯಾರದಾದರೂ ದನಿ ಏರಿದರೆ ತಲೆ ತಗ್ಗಿಸಿ ಕೂರುತ್ತೇನೆ. ಎಲ್ಲರೂ ಅದನ್ನು ವಿನಯ ಅಂದುಕೊಂಡಿದ್ದಾರೆ.

ಅಕ್ಕನ ಗಂಡ ಮಾತ್ರ ನನ್ನನ್ನು ಮೌನಗೌರಿ ಅನ್ನುತ್ತಾರೆ. "ಬಾಯಿ ಬಿಟ್ಟರೆ ಮುತ್ತು ಉದುರುತ್ತೆ ಅಂತ ಭಯವೇನೇ? ಉದುರಲಿ ಬಿಡು, ನಿಮ್ಮಕ್ಕ ಆರಿಸ್ಕೊಳ್ತಾಳೆ" ಎಂದು ಊಟಕ್ಕೆ ಕೂತಾಗಲೆಲ್ಲ ಕಾಡಿಸುತ್ತಾರೆ. ಅಕ್ಕ ಸೌಟು ತೋರಿಸಿ, "ಅವಳ ಪಾಲಿಂದೂ ಸೇರಿಸಿ ನೀವೇ ಮಾತಾಡ್ತೀರಲ್ಲ, ಸಾಕು" ಅನ್ನುತ್ತಾಳೆ.

ಭಾವನೂ ನಾನೂ ಕೆಲಸ ಮಾಡುವುದು ಒಂದೇ ಸ್ಟೇಷನ್ನಿನಲ್ಲಿ. ದೊಡ್ಡ ಕೊಳವೆಯಲ್ಲಿ ಸುಸ್ತಾಗಿ ಬರುವ ಗ್ಯಾಸನ್ನು ಒತ್ತಿ ಮುಂದಕ್ಕೆ ತಳ್ಳುವ ಜಾಗ ಅದು. ಅವರು ಕಂಪ್ರೆಸರ್ ಓಡಿಸುವ ಆಪರೇಟರ್. ನಾನು ಕಂಟ್ರೋಲ್ ರೂಮಿನ ಮೂಲೆಯಲ್ಲಿ ಒಂದು ಸಾಫ್ಟ್‌ವೇರ್ ಮುಂದೆ ಕೂರುವವಳು. ಗ್ಯಾಸು ಅಂದರೆ ಒಂದೇ ವಸ್ತುವಲ್ಲ, ಮಿಶ್ರಣ. ಮೀಥೇನ್ ಇಷ್ಟು, ಈಥೇನ್ ಇಷ್ಟು, ಪ್ರೊಪೇನ್ ಇಷ್ಟು ಎಂದು ಲ್ಯಾಬಿನವರು ಕಳಿಸಿದ್ದನ್ನು ತುಂಬಿದರೆ, ಅದರ ಸಾಂದ್ರತೆ ಎಷ್ಟು, ಉರಿಸಿದರೆ ಶಾಖ ಎಷ್ಟು, ಎಷ್ಟು ತಣ್ಣಗಾದರೆ ಅದರಲ್ಲಿ ಹನಿ ಕಟ್ಟುತ್ತದೆ ಎಂದು ಸಾಫ್ಟ್‌ವೇರ್ ಲೆಕ್ಕ ಹಾಕಿ ಹೇಳುತ್ತದೆ. ಆ ಕೊನೆಯದಕ್ಕೆ ಇಬ್ಬನಿ ಬಿಂದು ಎಂದು ಹೆಸರು. ಕೇಳಿದರೆ ಪದ್ಯ ಬರೆಯೋಣ ಅನ್ನಿಸುತ್ತದೆ. ಆದರೆ ಗ್ಯಾಸನ್ನು ಎಷ್ಟು ಬೇಕಾದರೂ ಒತ್ತಬಹುದು, ದ್ರವವನ್ನು ಒತ್ತಲಾಗದು. ಹನಿಗಳು ಕೂಡಿಕೊಂಡು ಕಂಪ್ರೆಸರಿಗೆ ನುಗ್ಗಿದರೆ ಪಿಸ್ಟನ್ನು ಬಂಡೆಗೆ ಹಣೆ ಚಚ್ಚಿಕೊಂಡ ಹಾಗೆ.

ಈ ಸಲದ ಲೆಕ್ಕವನ್ನು ದೊಡ್ಡ ಎಂಜಿನಿಯರ್ ತಾವೇ ಮಾಡಿದ್ದರು. ಹೊಸ ಬಾವಿಯೊಂದರ ಗ್ಯಾಸು ನಮ್ಮ ಕೊಳವೆಗೆ ಸೇರಿತ್ತು. ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿಳಿಯುವ ತನಕ ಹನಿಯ ಸುಳಿವೇ ಇಲ್ಲ ಎಂದು ಉತ್ತರ ಬಂತು. "ಹಾಗಾದ್ರೆ ಹನಿ ಹಿಡಿಯೋ ಡ್ರಮ್ಮು ಸುಮ್ನೆ ಯಾಕೆ ದಾರೀಲಿ ಕೂತಿದೆ? ಅದನ್ನ ಬಿಟ್ಟು ಪಕ್ಕದ ಕೊಳವೇಲಿ ಗ್ಯಾಸ್ ಹರಿಸಿ" ಅಂದರು. ಹರಿಸಿದರು.

ನಿನ್ನೆ ಬೆಳಿಗ್ಗೆ ಚಳಿಯಿತ್ತು. ಹೊರಗಿನ ಉಷ್ಣಮಾಪಕ ಒಂಬತ್ತು ಡಿಗ್ರಿ ತೋರಿಸುತ್ತಿತ್ತು. ನಾನು ಇನ್ನೂ ಬ್ಯಾಗು ಇಳಿಸಿರಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಗುದ್ದಿದ ಒಂದು ಸದ್ದು. ಅದರ ಬೆನ್ನಿಗೇ ಕಂಪ್ರೆಸರ್ ಸಿಲಿಂಡರಿನ ಮುಚ್ಚಳ ಬೋಲ್ಟುಗಳನ್ನು ಕಿತ್ತುಕೊಂಡು ಹಾರಿತು. ನನ್ನ ಮುಂದಿನ ಕಿಟಕಿ ಒಳಕ್ಕೆ ಉಬ್ಬಿ ಪುಡಿಯಾಯಿತು. ಕುತ್ತಿಗೆ ಕೊಯ್ದ ಪ್ರಾಣಿಯ ಹಾಗೆ ಗ್ಯಾಸು ಕಿರುಚಿತು. ಭಾವ ಆ ಕಿರುಚಾಟದೊಳಕ್ಕೇ ಓಡಿ ತುರ್ತು ಗುಂಡಿಗೆ ಗುದ್ದಿದರು. ಕವಾಟಗಳು ಮುಚ್ಚಿಕೊಂಡವು. ಬೆಂಕಿ ಹತ್ತದೆ ಉಳಿದದ್ದು ಆ ಒಂದು ಗುದ್ದಿನಿಂದ.

ಯಂತ್ರ ಬಿಚ್ಚಿ ಜೋಡಿಸುವ ನಮ್ಮ ಫಿಟ್ಟರ್ ಹಾರಿದ ಮುಚ್ಚಳದ ದಾರಿಯಲ್ಲಿ ನಿಂತಿದ್ದ. ಅದು ಅವನನ್ನು ಎತ್ತಿಕೊಂಡು ಹೋಗಿ ಗೋಡೆಗೆ ಒತ್ತಿ ಹಿಡಿದಿತ್ತು. ಎದೆ ಇರಬೇಕಾದಲ್ಲಿ ಎದೆ ಇರಲಿಲ್ಲ. ಒಂದು ಕಾಲು ಮಾತ್ರ ಸುದ್ದಿ ತಿಳಿಯದವರಂತೆ ಸ್ವಲ್ಪ ಹೊತ್ತು ಅದುರುತ್ತಲೇ ಇತ್ತು. ನೆಲದ ಮೇಲೆ ರಕ್ತ. ರಕ್ತದ ಪಕ್ಕದಲ್ಲೇ ಪೆಟ್ರೋಲಿನ ವಾಸನೆಯ ತೆಳ್ಳನೆಯ ದ್ರವ. ಎರಡೂ ಒಂದಕ್ಕೊಂದು ಬೆರೆಯದೆ ಮೋರಿಯ ಕಡೆ ಹರಿದವು.

ಫಿಟ್ಟರನ ಅಣ್ಣ ನಮ್ಮಲ್ಲೇ ವೆಲ್ಡರ್. ತಮ್ಮನನ್ನು ಗೋಡೆಯಿಂದ ಬಿಡಿಸಿ ಮಲಗಿಸಿದವನು ಅವನೇ. ಆ ಕೈಯಲ್ಲೇ, ತೊಳೆಯದೆ, ತನ್ನ ಕೆಲಸದ ಗ್ಯಾಂಗನ್ನು ಹಿಂದಿಟ್ಟುಕೊಂಡು ಕಂಟ್ರೋಲ್ ರೂಮಿಗೆ ಬಂದ.

"ಯಾರು?" ಅಂದ. ಅಷ್ಟೇ.

ದೊಡ್ಡ ಎಂಜಿನಿಯರ್ ಲ್ಯಾಪ್‌ಟಾಪಿನ ಪರದೆಯನ್ನು ಅವನ ಕಡೆ ತಿರುಗಿಸಿದರು. "ಇಲ್ಲಿ ನೋಡಪ್ಪ. ಗ್ಯಾಸಲ್ಲಿ ಹನಿ ಕಟ್ಟೋಕೆ ಸಾಧ್ಯಾನೇ ಇಲ್ಲ ಅಂತ ಸಾಫ್ಟ್‌ವೇರೇ ಹೇಳ್ತಿದೆ. ಅಂದ್ಮೇಲೆ ಆ ದ್ರವ ಹೊರಗಿಂದ ಬಂದಿರ್ಬೇಕು. ಕಂಪ್ರೆಸರ್ ತೊಳೆಯೋ ಎಣ್ಣೆಯ ಲೈನ್ ಒಂದಿದೆ. ಅದರ ವಾಲ್ವ್ ಯಾರೋ ತೆಗೆದಿದ್ದಾರೆ. ಶಿಫ್ಟಲ್ಲಿ ಇದ್ದದ್ದು ಯಾರು ಅಂತ ನಿಂಗೇ ಗೊತ್ತು."

ಭಾವ. ನನ್ನ ತುಟಿ ಅಗಲವಾಯಿತು.

"ನಗ್ತೀಯೇನೇ?" ವೆಲ್ಡರ್ ನನ್ನನ್ನು ನೋಡಿಬಿಟ್ಟಿದ್ದ. "ನನ್ನ ತಮ್ಮ ಅಲ್ಲಿ ಮಾಂಸದ ಮುದ್ದೆಯಾಗಿ ಬಿದ್ದಿದ್ದಾನೆ, ನೀನು ಹಲ್ಲು ಕಿಸೀತೀಯಾ?"

ಮುಂಗೈಯಿಂದ ಹೊಡೆದ. ಕುರ್ಚಿ ಸಮೇತ ಉರುಳಿದೆ. ಬಾಯಿತುಂಬ ಉಪ್ಪು, ನಾಲಿಗೆಗೆ ಏನೋ ಚೂಪಾದದ್ದು ತಗುಲಿತು. ನಾನು ಏಳುವಷ್ಟರಲ್ಲಿ ಅವರೆಲ್ಲ ಭಾವನನ್ನು ಹುಡುಕಿಕೊಂಡು ಹೊರಟಿದ್ದರು.

ಪರದೆ ಇನ್ನೂ ಉರಿಯುತ್ತಿತ್ತು. ಕಣ್ಣು ಎಲ್ಲಿಡಬೇಕೋ ತಿಳಿಯದೆ ಅಲ್ಲೇ ಇಟ್ಟೆ. ಗ್ಯಾಸಿನ ಅಂಶಗಳ ಪಟ್ಟಿಯಲ್ಲಿ ಕೊನೆಗೆ ಅಂಕಿ ಇದ್ದದ್ದು ಹೆಕ್ಸೇನಿಗೆ, ಅದರ ಕೆಳಗೆಲ್ಲ ಸೊನ್ನೆ. ಯಾವ ಬಾವಿಯ ಗ್ಯಾಸೂ ಹೆಕ್ಸೇನಿಗೇ ಬಾಗಿಲು ಹಾಕಿಕೊಂಡು ನಿಲ್ಲುವುದಿಲ್ಲ. ಅದಕ್ಕಿಂತ ಭಾರದವು, ಇನ್ನೂ ಬೇಗ ಹನಿ ಕಟ್ಟುವವು, ಒಂದಿಷ್ಟಾದರೂ ಇರುತ್ತವೆ. ಫೋನು ಎಂದರೆ ಬೆವರುವ ನಾನು ಲ್ಯಾಬಿಗೆ ಫೋನು ಮಾಡಿದೆ.

"ಹೆಕ್ಸೇನ್ ಅಂತ ಕಳಿಸಿದ್ದೀರಲ್ಲ, ಅದು ಹೆಕ್ಸೇನ್ ಒಂದೇನಾ?"

"ಅಯ್ಯೋ ಇಲ್ಲಮ್ಮ," ಅಂದಳು ಲ್ಯಾಬಿನಾಕೆ. "ಹೆಕ್ಸೇನ್ ಮತ್ತೆ ಅದರ ಮೇಲಿನವೆಲ್ಲ ಒಂದೇ ಮೂಟೆ. ಬಿಡಿಸಿ ಕೊಡಿ ಅಂತ ಯಾರೂ ಕೇಳಲಿಲ್ಲ. ನಿನ್ನ ಮಾತು ಯಾಕೆ ಹಾಗೆ ತೊದಲ್ತಿದೆ?"

"ಬಿಡಿಸಿ ಹೇಳಿ."

ಅವಳು ಹೇಳುತ್ತ ಹೋದಳು, ನಾನು ತುಂಬುತ್ತ ಹೋದೆ. ಹೆಪ್ಟೇನ್, ಆಕ್ಟೇನ್, ನೋನೇನ್. ಕೀಲಿಗಳ ಮೇಲೆ ನನ್ನ ರಕ್ತ ತೊಟ್ಟಿಕ್ಕುತ್ತಿತ್ತು. ಒಟ್ಟು ಮೊತ್ತ ಮೊದಲಿನಷ್ಟೇ. ಮೂಟೆ ಬಿಚ್ಚಿದ್ದು ಬಿಟ್ಟರೆ ಬೇರೇನೂ ಬದಲಾಗಿರಲಿಲ್ಲ. ಗುಂಡಿ ಒತ್ತಿದೆ. ಪರದೆಯ ಮೇಲೆ ಹನಿ ಕಟ್ಟುವ ಗಡಿ ತೋರಿಸುವ ಗೆರೆ ಬಲಕ್ಕೆ ಹೊಟ್ಟೆ ಬಿಟ್ಟುಕೊಂಡು ಉಬ್ಬಿತು. ಇಬ್ಬನಿ ಬಿಂದು ಸೊನ್ನೆಗಿಂತ ಮೇಲೆ ಹದಿನೆಂಟು ಡಿಗ್ರಿ. ಹೊರಗೆ ಒಂಬತ್ತು. ಆ ಕೊಳವೆಯುದ್ದಕ್ಕೂ ಪಾತ್ರೆಯ ಮುಚ್ಚಳದೊಳಗಿನ ಹಬೆಯಂತೆ ಹನಿ ಕಟ್ಟುತ್ತಲೇ ಇತ್ತು, ಹಿಡಿಯಲು ಡ್ರಮ್ಮು ಇರಲಿಲ್ಲ.

"ಏನು ಮಾಡ್ತಿದ್ದೀಯ?"

ದೊಡ್ಡ ಎಂಜಿನಿಯರ್ ಬೆನ್ನ ಹಿಂದೆ ನಿಂತಿದ್ದರು. ನಾನು ಆ ಹದಿನೆಂಟನ್ನು ಬೆರಳಿಟ್ಟು ತೋರಿಸಿದೆ. ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ನನ್ನ ಕೈ ಒಳಗಿದ್ದಂತೆಯೇ ಲ್ಯಾಪ್‌ಟಾಪನ್ನು ಮುಚ್ಚಿ ಅದರ ಮೇಲೆ ಮೈಭಾರ ಬಿಟ್ಟರು. ಬೆರಳೊಂದು ಕಟುಕ್ ಎಂದದ್ದು ನಮ್ಮಿಬ್ಬರಿಗೂ ಕೇಳಿಸಿತು.

"ಕೇಳು ತಾಯಿ," ಅಂದರು, ಪಾಠ ಹೇಳಿಕೊಡುವಷ್ಟು ಮೆತ್ತಗೆ. "ಅವರಿಗೀಗ ಲೆಕ್ಕ ಬೇಡ, ಹೊಡೆಯೋಕೆ ಒಂದು ಮೈ ಬೇಕು. ಇದನ್ನ ಹೇಳಿದ್ರೆ ಈ ಕೋಣೆಗೇ ಬರ್ತಾರೆ. ನಾನು ಯಾರು, ನೀನು ಯಾರು ಅಂತ ನೋಡ್ತಾ ಕೂರ್ತಾರಾ? ನಿಮ್ಮ ಭಾವನಿಗೆ ನಾಲ್ಕು ಏಟು ಬೀಳುತ್ತೆ, ಅಷ್ಟರಲ್ಲಿ ಪೊಲೀಸರು ಬರ್ತಾರೆ. ಗಟ್ಟಿ ಆಳು, ತಡ್ಕೋತಾನೆ."

ನಾನು ನಗುತ್ತಿದ್ದೆ. ಅವರು ಅದನ್ನು ಒಪ್ಪಿಗೆ ಅಂದುಕೊಂಡು ಲ್ಯಾಪ್‌ಟಾಪಿನಿಂದ ಕೈ ತೆಗೆದರು.

ಒಡೆದ ಕಿಟಕಿಯಾಚೆ ಭಾವನನ್ನು ಕಾಲು ಹಿಡಿದು ಅಂಗಳಕ್ಕೆ ಎಳೆದು ತಂದರು. ಅಂಗಿ ತಲೆಯ ಮೇಲಕ್ಕೆ ಹೋಗಿತ್ತು. ಬೆನ್ನು ಜಲ್ಲಿಯ ಮೇಲೆ ಉಜ್ಜಿ ಕೆಂಪು ಗೆರೆ ಎಳೆಯುತ್ತ ಬಂತು. "ಆ ವಾಲ್ವ್ ಮುಟ್ಟೇ ಇಲ್ಲ ಕಣಣ್ಣ, ನನ್ನ ಮಗಳಾಣೆ" ಎಂದು ಅಂಗಿಯೊಳಗಿಂದ ಕೂಗುತ್ತಿದ್ದರು. ಒಬ್ಬ ಬಾಯಿಗೆ ಒದ್ದ. ಕೂಗು ನಿಂತಿತು. ಮತ್ತೊಬ್ಬ ಪಕ್ಕೆಗೆ ಒದ್ದ, ನಿಧಾನವಾಗಿ, ಜಾಗ ನೋಡಿ ನೋಡಿ. ವೆಲ್ಡರ್ ದೊಡ್ಡ ಪೈಪ್ ರೆಂಚು ಎತ್ತಿಕೊಂಡು ಭಾವನ ಮೊಣಕಾಲ ಮೇಲೆ ಬಿಟ್ಟ. ಕಾಲು ಮಡಚಬಾರದ ಕಡೆ ಮಡಚಿತು.

ರೆಂಚು ಮತ್ತೆ ಮೇಲೆ ಹೋಯಿತು. ಈ ಸಲ ಅವನು ಒಂದು ಹೆಜ್ಜೆ ಸರಿದು ತಲೆಯ ಹತ್ತಿರ ನಿಂತಿದ್ದ.

ನಾನು ಹೊರಗೆ ಓಡಿದೆ. ಬಾಗಿಲಿನಲ್ಲಿ ದೊಡ್ಡ ಎಂಜಿನಿಯರ್ ನನ್ನ ಜಡೆ ಹಿಡಿದರು. ನಾನು ನಿಲ್ಲಲಿಲ್ಲ. ಒಂದು ಹಿಡಿ ಕೂದಲು ಅವರ ಮುಷ್ಟಿಯಲ್ಲೇ ಉಳಿಯಿತು. ಕಿವಿಯ ಹಿಂದೆ ಬಿಸಿಯಾಗಿ ಏನೋ ಇಳಿಯುತ್ತಿದ್ದಂತೆಯೇ ಗಾಜಿನ ಪುಡಿ ತುಳಿದು ಅಂಗಳಕ್ಕೆ ಹೋಗಿ, ಭಾವನ ತಲೆಗೂ ರೆಂಚಿಗೂ ನಡುವೆ ನಿಂತೆ.

"ಮತ್ತೆ ನಗ್ತಿದ್ದಾಳೆ ನೋಡ್ರೋ ಇವಳು!" ಎಂದ ಯಾರೋ.

"ಸರೀ ಆಚೆ," ಅಂದ ವೆಲ್ಡರ್. ಅವನ ಕೆನ್ನೆಯ ಮೇಲೆ ತಮ್ಮನ ರಕ್ತ ಒಣಗಿ ಬಿರುಕು ಬಿಟ್ಟಿತ್ತು. ಕಣ್ಣಲ್ಲಿ ನೀರು ತುಂಬಿ ನಾನು ಅವನಿಗೆ ಸರಿಯಾಗಿ ಕಾಣಿಸುತ್ತಲೂ ಇರಲಿಲ್ಲವೇನೋ. "ಆಚೆ ಸರಿ ಅಂದೆ. ಇಲ್ಲಾಂದ್ರೆ ನಿನ್ನ ಮೇಲೇ ಬೀಳುತ್ತೆ."

ಕಾಲ ಕೆಳಗಿಂದ ಭಾವನ ಕೈ ನನ್ನ ಪಾದ ತಡಕಿತು. "ಬೇಡ ಕಣೇ ಗೌರಿ... ಒಳಗೆ ಹೋಗು."

ತುಟಿ ನಗುತ್ತಲೇ ಇತ್ತು. ಅದು ನನ್ನ ಮಾತು ಕೇಳುವುದಿಲ್ಲ, ನಗಲಿ ಎಂದು ಬಿಟ್ಟೆ. ಬಾಯಿ ತೆರೆದೆ. ಮೊದಲು ಉದುರಿದ್ದು ಮುತ್ತಲ್ಲ, ಹಲ್ಲಿನ ಚೂರು, ಜಲ್ಲಿಯ ಮೇಲೆ ಬಿತ್ತು. ಅದರ ಹಿಂದೆಯೇ ದನಿ ಬಂತು, ನನ್ನದೇ, ಅಂಗಳದ ಆಚೆ ಬಾಗಿಲಲ್ಲಿ ನಿಂತ ದೊಡ್ಡ ಎಂಜಿನಿಯರಿಗೂ ಕೇಳುವಷ್ಟು ಜೋರಾಗಿ.

"ಭಾವ ಏನೂ ಮುಟ್ಟಿಲ್ಲ. ಆ ದ್ರವ ಗ್ಯಾಸಿನೊಳಗೇ ಇತ್ತು. ಲೆಕ್ಕ ತಪ್ಪಿದ್ದು ನಮ್ಮ ಕೋಣೇಲಿ."