ಈ ಒಂದು ವಿಷಯದಲ್ಲಿ ಬೇಡ

ದೊಡ್ಡ ಉಪವಾಸ ಬಂತೆಂದರೆ ಫಾನೂಸನ ಮನೆಯ ಹೊಸ್ತಿಲನ್ನು ಹಾಲು ದಾಟುತ್ತಿರಲಿಲ್ಲ. ಎಣ್ಣೆ ಹಾಕಿದ ಕಾಳು, ಬೇಳೆಯ ಗಂಜಿ, ಈರುಳ್ಳಿ, ರೊಟ್ಟಿ. ಬಂದ ನೆಂಟರಿಗೂ ಅಷ್ಟೇ.

"ನಮ್ಮನೆ ಬೆಕ್ಕು ಸತ್ತರೆ ನೇರ ಸ್ವರ್ಗಕ್ಕೇ ಹೋಗೋದು, ಮೇಷ್ಟ್ರೇ. ಅದಕ್ಕೂ ಉಪವಾಸ!" ಎಂದು ಅವನ ಹೆಂಡತಿ ತಕ್ಲಾ ನಗುತ್ತಿದ್ದಳು.

ಮಿನ್ಯಾ ಕಡೆಯ ನಮ್ಮ ಊರಿನ ಚರ್ಚಿನಲ್ಲಿ ಸ್ತೋತ್ರ ಹೇಳಿಸುವ ಕೆಲಸ ನನ್ನದು. ಫಾನೂಸನಿಗೂ ಅವನ ತಂಗಿ ಫೆಬ್ರೋನಿಯಾಳಿಗೂ ಬಾಯಿಪಾಠ ಮಾಡಿಸಿದವನು ನಾನೇ. ಅವನದು ಗಂಟೆಯಂಥ ದನಿ. ಬೆಳೆದು, ಪೂಜೆಯಲ್ಲಿ ಪಾದ್ರಿಗಳಿಗೆ ನೆರವಾಗುವ ಪೀಠದ ಸೇವಕನಾದ. ಆಕೆ ಹೆಂಗಸರ ಸಾಲಿನಲ್ಲಿ ನಿಂತು ತುಟಿಯೊಳಗೇ ಹೇಳಿಕೊಳ್ಳುವವಳು. ಹಾಸಿಗೆ ಹಿಡಿದ ತಂದೆಗೆ ಉಣಿಸಿ, ತೊಳೆದು, ಮಗ್ಗುಲು ಬದಲಿಸುತ್ತ, ಬಂದ ಸಂಬಂಧಗಳನ್ನೆಲ್ಲ ಹಿಂದಕ್ಕೆ ಕಳಿಸಿದ್ದಳು. ಮಹಡಿಯಲ್ಲಿ ಫಾನೂಸನ ಸಂಸಾರ, ಕೆಳಮನೆಯಲ್ಲಿ ತಂದೆ ಮತ್ತು ಮಗಳು.

ತಂದೆ ತೀರಿಕೊಂಡ ಮೂರನೆಯ ದಿನ ಪಾದ್ರಿಗಳಾದ ಅಬೂನಾ ಸರಾಬಮೂನ್ ಬಂದು, ಧೂಪ ಹಾಕಿ, ನೀರು ಚಿಮುಕಿಸಿ, ಶೋಕಕ್ಕೆ ಬಂದವರಿಗೆ ಹಾಸಿದ ಚಾಪೆಗಳನ್ನು ಎತ್ತಿಸುವ ಪ್ರಾರ್ಥನೆ ಮುಗಿಸಿದರು. ಆ ನೀರು ನೆಲದ ಮೇಲೆ ಇನ್ನೂ ಆರಿರಲಿಲ್ಲ. ಫಾನೂಸ್ ಗಂಟಲು ಸರಿಮಾಡಿಕೊಂಡ.

"ನೋಡು ತಂಗೀ, ಹುಡುಗನ ಮದುವೆ ಗೊತ್ತಾಗಿದೆ. ಕೆಳಮನೆ ಅವನಿಗೆ ಬೇಕು. ನಿನಗೆ ತಾರಸಿ ಮೇಲೊಂದು ಕೋಣೆ ಎಬ್ಬಿಸ್ತೀನಿ. ಒಂದು ಜೊತೆ ಬಳೆಯೂ ಮಾಡಿಸ್ತೀನಿ. ಪಾಲು ಬೇಡ ಅಂತ ಒಂದು ಸಹಿ ಹಾಕ್ಬಿಡು."

"ತಾರಸಿ ಮೇಲೆ ಪಾರಿವಾಳ ಸಾಕಿದ್ದೀಯಲ್ಲ ಅಣ್ಣ. ನನಗೂ ಅಲ್ಲೇ ಒಂದು ಗೂಡೇ?"

ಚಿಕ್ಕಪ್ಪ ಬಿಬಾವಿ ಕೋಲು ಕುಟ್ಟಿದರು. "ನಮ್ಮ ವಂಶದಲ್ಲಿ ಯಾವ ಹೆಣ್ಣು ತವರಿನ ಗೋಡೆ ಕೇಳಿದ್ದಾಳೆ? ನನ್ನ ಅಕ್ಕಂದಿರು ಬಳೆ ತಗೊಂಡು, ನಗ್ತಾ ಹೋದರು."

"ನಗ್ತಾ ಹೋದರೋ, ಅಳೋದಕ್ಕೆ ಜಾಗ ಇಲ್ಲದೆ ಹೋದರೋ, ಕೇಳಿದ್ರಾ ಚಿಕ್ಕಪ್ಪ?"

ಫಾನೂಸ್ ಮೆಲುದನಿಯಲ್ಲಿ, ಉಪದೇಶ ಓದುವವನ ಹಾಗೆ, "ಭೂಮಿ ಮೇಲೆ ಗಂಟು ಕಟ್ಕೋಬೇಡಿ ಅಂತ ಕರ್ತನೇ ಹೇಳಿಲ್ವಾ?" ಎಂದ.

"ನನ್ನೊಬ್ಬಳಿಗೇ ಹೇಳಿದ್ನಾ? ನಮ್ಮ ಸಭೆಯ ಕಟ್ಟಳೆಯಲ್ಲಿ ಮಗನಿಗೆಷ್ಟೋ ಮಗಳಿಗೂ ಅಷ್ಟೇ. ಅಬೂನಾ, ನೀವೇ ಹೇಳಿ."

ಅಬೂನಾ ತಮ್ಮ ಕೈಯ ಶಿಲುಬೆಯನ್ನು ನೋಡಿಕೊಂಡರು. "ಕಟ್ಟಳೆ ಹಾಗೇ ಇದೆ ಮಗಳೇ. ಆದರೆ ಮನೆಯ ಶಾಂತಿ ದೊಡ್ಡದು. ಸ್ವಲ್ಪ ತಾಳಿಕೋ."

ತಾಳಿಕೋ ಎಂಬ ಮಾತು ನಮ್ಮಲ್ಲಿ ಯಾವಾಗಲೂ ಹೆಂಗಸರ ಸಾಲಿನ ಕಡೆಗೇ ತಿರುಗುತ್ತದೆ.

ಆಕೆ ತಾಳಲಿಲ್ಲ, ನ್ಯಾಯಾಲಯಕ್ಕೆ ಹೋದಳು. ಊರು ಬಿಸಿ ಎಣ್ಣೆಯಂತೆ ಚಟಪಟ ಎಂದಿತು. "ಅಣ್ಣನನ್ನು ಕಟಕಟೆಗೆ ಎಳೆದವಳು" ಎಂದರು. ರೊಟ್ಟಿ ಸುಡುವಾಗ ಪಕ್ಕದವರು ಅವಳ ಹಿಟ್ಟು ಮುಟ್ಟಲಿಲ್ಲ. ಕೆಳಮನೆಯ ಒಲೆಯ ಮುಂದೆ ಫಾನೂಸ್ ಅಡ್ಡಗೋಡೆಗೆಂದು ಇಟ್ಟಿಗೆ ಇಳಿಸಿದ. ಅಷ್ಟರಲ್ಲೂ ಒಂದು ಪ್ರಾರ್ಥನೆಯನ್ನೂ ಅವನು ತಪ್ಪಿಸಲಿಲ್ಲ.

ವಿಚಾರಣೆಯ ದಿನ ಸಾಕ್ಷಿಯಾಗಿ ನಾನೂ ಹೋಗಿದ್ದೆ. ನ್ಯಾಯಾಧೀಶರು ಮುಸಲ್ಮಾನರು, ನಿಧಾನದ ಮನುಷ್ಯರು. "ದೇಶದ ಕಾನೂನು ನಮ್ಮ ಶಾಸ್ತ್ರದ್ದು. ಅದರಂತೆ ಅಣ್ಣನಿಗೆ ಎರಡು ಪಾಲು, ತಂಗಿಗೆ ಒಂದು," ಎಂದರು. "ಆದರೆ ನೀವಿಬ್ಬರೂ ಕ್ರೈಸ್ತರು. ಇಬ್ಬರೂ ಒಪ್ಪಿದರೆ ನಿಮ್ಮ ಧರ್ಮದ ಕಟ್ಟಳೆಯಂತೆ ಸಮಪಾಲು ಬರೆಸುತ್ತೇನೆ. ಫಾನೂಸ್ ಅವರೇ, ಏನು ಹೇಳುತ್ತೀರಿ?"

ಅರ್ಧ ಬಂದರೆ ಕೆಳಮನೆ ಪೂರ್ತಿ ಅವಳದು. ಮೂರರಲ್ಲೊಂದು ಬಂದರೆ ಒಲೆಯೂ ಇಲ್ಲದ, ಬೀದಿಗೆ ಬಾಗಿಲೂ ಇಲ್ಲದ ಒಂದು ಕೋಣೆ. ಅದರಲ್ಲಿ ಅವಳು ಬದುಕಲಾರಳೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಕಾನೂನು ಹೇಳಿದ ಹಾಗೇ ಆಗಲಿ, ಸ್ವಾಮಿ," ಎಂದ ಫಾನೂಸ್.

ನ್ಯಾಯಾಧೀಶರು ತಲೆಯೆತ್ತಿದರು. ಅವನ ಮಣಿಕಟ್ಟಿನಲ್ಲಿ ಎಳವೆಯಲ್ಲೇ ಹಚ್ಚೆ ಹಾಕಿಸಿದ ಶಿಲುಬೆಯಿತ್ತು. ಅವರ ಕಣ್ಣು ಅದರ ಮೇಲೆ ನಿಂತಿತು. "ನಿಮ್ಮ ಧರ್ಮದ ಕಟ್ಟಳೆ ನಿಮಗೆ ಬೇಡವೇ?"

"ಈ ಒಂದು ವಿಷಯದಲ್ಲಿ ಬೇಡ, ಸ್ವಾಮಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ನ್ಯಾಯಾಧೀಶರು ಬೇರೆ ಕಡೆ ನೋಡಿದರು, ಮಾನವಂತರು ಇನ್ನೊಬ್ಬರ ಮೈಮೇಲಿನ ಬಟ್ಟೆ ಜಾರಿದಾಗ ನೋಡುವಂತೆ. ನಮ್ಮೂರಿನವರೆಲ್ಲ ಬೆವರಿದೆವು.

ಆ ಭಾನುವಾರ ಫಾನೂಸ್ ಬಿಳಿಯ ನಿಲುವಂಗಿ ತೊಟ್ಟು ಪೀಠದ ಬಳಿ ನಿಂತಿದ್ದ. ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಬಟ್ಟೆಯಿಂದ ಮುಚ್ಚಿತ್ತು. ಪ್ರಸಾದಕ್ಕೆ ಮೊದಲು ಮುನಿಸು ಬಿಟ್ಟು, ನಾವು ಒಬ್ಬರಿಗೊಬ್ಬರು ಕೈಮುಟ್ಟಿ ಸಮಾಧಾನ ಹೇಳಿಕೊಳ್ಳುವ ಹೊತ್ತು. ಅದನ್ನು ಕೂಗಿ ಹೇಳಬೇಕಾದವನು ಸೇವಕ. ಅವನು ಕೂಗಿದ. ದನಿ ಎಂದಿನಂತೆ ತುಂಬಿ ಬಂತು.

ಹೆಂಗಸರ ಸಾಲಿನಲ್ಲಿ ತಕ್ಲಾ ನಾದಿನಿಯ ಕಡೆಗೆ ಕೈ ಚಾಚಿದಳು. ಫೆಬ್ರೋನಿಯಾ ಕೈ ಮುಂದೆ ತರಲಿಲ್ಲ.

"ನಿನ್ನ ಮೇಲೆ ಸಿಟ್ಟಿಲ್ಲ ಅತ್ತಿಗೆ. ಆದರೆ ಮನಸ್ಸಲ್ಲಿ ಅಣ್ಣನ ಮೇಲೆ ಇಷ್ಟು ಕಹಿ ಇಟ್ಕೊಂಡು ನಾನು ಪ್ರಸಾದ ಮುಟ್ಟಲಾರೆ. ದೇವರ ಮುಂದೆ ಸುಳ್ಳಾಗುತ್ತೆ."

ಹೀಗೆಂದು ಚಪ್ಪಲಿ ಹುಡುಕಿಕೊಂಡು ಹೊರಗೆ ನಡೆದಳು.

ಅಬೂನಾ ಪೀಠದ ಕಡೆಗೆ ತಿರುಗಬೇಕಿತ್ತು, ತಿರುಗಲಿಲ್ಲ. "ಫಾನೂಸ್, ಹೋಗಿ ತಂಗಿಯನ್ನು ಕರಕೊಂಡು ಬಾ."

"ಪೂಜೆ ಮುಗೀಲಿ ಅಬೂನಾ. ಮನೆ ಮಾತು ಆಮೇಲೆ ಆಡೋಣ."

"ಹಾಗಾದರೆ ಪೂಜೆಯೂ ಆಮೇಲೆ. ಅವತ್ತು ಅವಳಿಗೆ ತಾಳಿಕೋ ಅಂದೆ. ಇವತ್ತು ಮತ್ತೆ ಹಾಗನ್ನಲಾರೆ."

ಫಾನೂಸ್ ನಿಲುವಂಗಿಯಲ್ಲೇ ಬಾಗಿಲಿಗೆ ಹೋದ. ಅಂಗಳದ ಮಾತು ನಮಗೆಲ್ಲ ಕೇಳಿಸಿತು.

"ಒಳಗೆ ಬಾ. ಜನ ಕಾಯ್ತಿದ್ದಾರೆ."

"ಜನ ಕಾಯ್ತಾರೆ ಅಂತ ಕರೀತಿದ್ದೀಯಾ ಅಣ್ಣ, ನಾನು ಬೇಕು ಅಂತಲೋ?"

ಅವನು ತಿರುಗಿ ಪೀಠದ ಕಡೆ ನೋಡಿದ.

"ಹಾಗಾದ್ರೆ ನಾನು ಇಲ್ಲೇ ನಿಂತು ಪ್ರಾರ್ಥನೆ ಮಾಡ್ತೀನಿ. ಪಾಲನ್ನೂ ಬಿಡಲ್ಲ, ದೇವರನ್ನೂ ಬಿಡಲ್ಲ."

ಮೊದಲು ಎದ್ದವಳು ತಕ್ಲಾ. ಗಂಡನ ಮಗ್ಗುಲಲ್ಲೇ ಹಾದು, ಅವನ ಮುಖ ನೋಡದೆ, ಹೊರಗೆ ಹೋಗಿ ನಾದಿನಿಯ ಪಕ್ಕ ನಿಂತಳು. ಆಮೇಲೆ ಬಿಬಾವಿಯವರ ಮುದಿ ಅಕ್ಕ ಗೋಡೆ ಹಿಡಿದು ಎದ್ದರು. ಆಮೇಲೆ ಒಬ್ಬೊಬ್ಬರಾಗಿ, ಬಳೆ ತೆಗೆದುಕೊಂಡು ಸಹಿ ಹಾಕಿದವರು, ನಾಳೆ ಹಾಕಬೇಕಾದವರು. ಹೆಂಗಸರ ಸಾಲು ಬರಿದಾಯಿತು.

ಒಳಗೆ ಉಳಿದವರು ನಾವು ಗಂಡಸರು. ಫಾನೂಸ್ ಬಾಗಿಲಲ್ಲೇ ನಿಂತಿದ್ದ, ಒಳಗೂ ಅಲ್ಲ, ಹೊರಗೂ ಅಲ್ಲ. ಯಾರೂ ಪಕ್ಕದವನ ಮುಖ ನೋಡಲಿಲ್ಲ; ಅಕ್ಕತಂಗಿಯರಿಲ್ಲದವನು ನಮ್ಮಲ್ಲಿ ಯಾರಿದ್ದ? ಅಬೂನಾ ನನಗೆ ಸನ್ನೆ ಮಾಡಿದರು, ಸ್ತೋತ್ರ ಎತ್ತೆಂದು. ಬಾಯಿ ತೆರೆದೆ. ಅಂಗಳದಲ್ಲಿ ಹೆಂಗಸರು ಆಗಲೇ ಎತ್ತಿದ್ದರು.