ಅಮಾವಾಸ್ಯೆಗೆ ಅಳಿಸಿದ ಕರ್ನಲ್

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಎರಡು ಕಲ್ಲು ಆರಿಸುವಷ್ಟರಲ್ಲಿ ಲ್ಯಾಪ್‌ಟಾಪಿನ ಪರದೆಯ ಮೇಲೆ ಮತ್ತೆ ತಪ್ಪು ತೋರಿಸುವ ಕೆಂಪು ಸಾಲುಗಳು ಬಂದವು.

"ಆತೇನವಾ?" ಎಂದೆ.

"ಇಲ್ಲ ಅಜ್ಜಿ. ಇದು ಎಂಟನೇ ವಾರ," ಎಂದಳು ಅಕ್ಷಯಾ. ಗದಗಿನಲ್ಲಿ ಕಂಪ್ಯೂಟರ್ ಕಲಿಸುವವಳು. ಇದನ್ನು ಸರಿಪಡಿಸಲೆಂದು ರವಿವಾರಕ್ಕೊಮ್ಮೆ ಬೆಟಗೇರಿಯ ನಮ್ಮ ಮನೆಗೆ ಬರುತ್ತಾಳೆ.

ಸೀರೆಯ ಅಂಚಿನ ಚಿತ್ತಾರ ಮಗ್ಗಕ್ಕೆ ತಿಳಿಯಬೇಕಾದರೆ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯಬೇಕು. ಅದು ನನ್ನ ಕೆಲಸ. ತೂತು ಹೊಡೆಯುವ ಯಂತ್ರದ ವೈರು ಲ್ಯಾಪ್‌ಟಾಪಿನ ಬದಿಗೆ ತೂರಿಸಿದ ಒಂದು ಕಾರ್ಡಿಗೆ ಸೇರುತ್ತದೆ. ಆ ಕಾರ್ಡನ್ನು ಮಾತಾಡಿಸುವುದು ಡ್ರೈವರ್ ಎಂಬ ಸಣ್ಣ ತಂತ್ರಾಂಶ. ಲ್ಯಾಪ್‌ಟಾಪಿನ ಬುಡದಲ್ಲಿ ಕೂತು ಎಲ್ಲವನ್ನೂ ನಡೆಸುವ ಕರ್ನಲ್ ಹೊಸದಾದಾಗಲೆಲ್ಲ ಡ್ರೈವರನ್ನು ಅದಕ್ಕೆ ಒಗ್ಗುವಂತೆ ಮತ್ತೆ ಕಟ್ಟಬೇಕು. ಒಗ್ಗದಿದ್ದರೆ ಹಳೆಯ ಕರ್ನಲ್ಲಿನಿಂದಲೇ ಶುರು ಮಾಡಿ ಕೆಲಸ ಸಾಗಿಸುತ್ತಿದ್ದೆ. ಆ ಹಳೆಯದು, ಯಂತ್ರ ಕೂಡಿಸಿಕೊಟ್ಟ ಮುಕುಂದರು ಈ ಕಾರ್ಡಿಗೆಂದೇ ತಿದ್ದಿ ಹಾಕಿದ್ದು. ಅವರು ತೀರಿಕೊಂಡು ಮೂರು ವರ್ಷ. ಕಾರ್ಡು ಮಾಡಿದವರೂ ಬಾಗಿಲು ಹಾಕಿದ್ದಾರೆ.

ತಪ್ಪು ನನ್ನದೇ. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ನಡೆಸುವುದಿಲ್ಲ. ಜಾಡಿಸಿ, ಹಳೆಯ ನೂಲಿನ ತುಂಡು ಕಿತ್ತೊಗೆದು ಪೂಜೆ ಮಾಡುತ್ತೇವೆ. ಲ್ಯಾಪ್‌ಟಾಪಿಗೂ ಅದೇ ರೂಢಿ ಹಚ್ಚಿದ್ದೆ. ಎರಡು ತಿಂಗಳ ಹಿಂದಿನ ಅಮಾವಾಸ್ಯೆಗೆ ಅದು ಹೊಸ ಕರ್ನಲ್ ಹಾಕಿಕೊಂಡಿತು. ಹಳೆಯದನ್ನು ತೆಗೆಯಲೇ ಎಂದು ಕೇಳಿತು. 'ಹೌದು' ಒತ್ತಿ, ಮೇಲೆ ಕುಂಕುಮ ಹಚ್ಚಿದೆ. ಮರುದಿನದಿಂದ ಯಂತ್ರ ಅಲ್ಲಾಡಿಲ್ಲ. ಪಟ್ಟಿಗೆ ಕೈಯಿಂದ ತೂತು ಹೊಡೆಯಲು ಈ ಬೆರಳುಗಳಲ್ಲಿ ಕಸುವಿಲ್ಲ.

ಫೋನು ಬಂತು. ಪಟ್ಟಿಗಾಗಿ ಕಾಯುತ್ತಿರುವ ಲಕ್ಷ್ಮೇಶ್ವರದ ನೇಕಾರ ಖಾಸಿಂಸಾಬ.

"ಸುಮಿತ್ರಕ್ಕಾ, ನನ್ನ ಮಗ್ಗದಾಗ ಜ್ಯಾಡರ ಹುಳ ಬಲಿ ನೇಯಾಕತ್ತೈತಿ ನೋಡ್ರಿ. ಅದಕ್ಕ ನಿಮ್ಮ ಪಟ್ಟಿ ಬೇಕಿಲ್ಲಂತ."

"ಇನ್ನೊಂದು ವಾರ ತಡೀರಿ, ಸಾಬ್ರ."

"ಹೋದ ಅಮಾಸಿಗೂ ಹಿಂಗ ಅಂದ್ರಿ. ಖರೆ ಹೇಳ್ರಿ, ಆಗತೈತೋ ಇಲ್ಲೋ? ಮುಂಡರಗಿಯವರು ಈ ಅಂಚಿನ ಪಟ್ಟಿ ಮಾಡಿಕೊಡತೀವಿ ಅಂತಾರ. ನೀವು ಬಿಟ್ಟೇನಿ ಅಂತ ಬರದು ಕೊಡೂತನಕಾ ನೇಕಾರರ ಸಂಘದವರು ಅದನ್ನ ಅವರಿಗೆ ಕೊಡಂಗಿಲ್ಲ."

ಅದು ನನಗೂ ಗೊತ್ತು. ಯಾವ ಅಂಚು ಯಾರದೆಂದು ಹಂಚುವುದು ಸಂಘವೇ; ನನ್ನ ಪಾಲಿಗೆ ಉಳಿದಿದ್ದು ಇದೊಂದೇ ಅಂಚು. ಬಿಟ್ಟರೆ ಕಸುಬೇ ಬಿಟ್ಟಂತೆ.

ಫೋನು ಇಟ್ಟು ಅಕ್ಷಯಾಳನ್ನು ನೋಡಿದೆ. ಅವಳು ಕೀಲಿಗಳ ಮೇಲಿಂದ ಕೈ ತೆಗೆದಿದ್ದಳು.

"ಒಂದು ತಪ್ಪು ತಿದ್ದಿದ್ರ ನಾಕು ಏಳತಾವ ಅಜ್ಜಿ. ಈ ಹೊಸಾ ಕರ್ನಲ್‌ಗೆ ನಿಮ್ಮ ಕಾರ್ಡಿನ ಗುರ್ತನ ಇಲ್ಲ. ಅಳಿಸಿದ್ದನ್ನೂ ಹುಡುಕಿದೆ. ಸಿಗಲಿಲ್ಲ."

"ನೀ ಯಾಕ ಮಾರಿ ಸಣ್ಣ ಮಾಡತಿ? ಒತ್ತಿದಾಕಿ ನಾನು."

"ಇನ್ನೊಮ್ಮೆ ನೋಡಲೇನು, ಬರೋ ವಾರ?"

ನೋಡು ಎನ್ನಲು ಬಾಯಿ ತೆರೆದೆ. ನಾನು ಹೀಗೆ ನೋಡು ನೋಡು ಎನ್ನುತ್ತಲೇ ಸಾಬರ ಮಗ್ಗ ಎರಡು ತಿಂಗಳು ಖಾಲಿ ನಿಂತಿದೆ.

"ಬ್ಯಾಡವಾ. ಸಾಕು."

ಸಂಘಕ್ಕೆ ಬರೆದ ಪತ್ರ ಹೋದ ತಿಂಗಳಿಂದ ಪೆಟ್ಟಿಗೆಯಲ್ಲಿತ್ತು. 'ಅಂಚನ್ನು ಬಿಟ್ಟುಕೊಟ್ಟಿದ್ದೇನೆ' ಎಂಬ ಸಾಲಿನ ಕೆಳಗೆ ಸಹಿ ಮಾಡಿರಲಿಲ್ಲ, ಅಷ್ಟೇ. ಸೋಮವಾರ ಸಹಿ ಮಾಡಿ, ತಾರೀಖು ಹಾಕಿ, ಅಂಚೆ ಕಚೇರಿಯ ಕಿಟಕಿಯಲ್ಲಿ ಲಕೋಟೆ ಇಟ್ಟೆ.

"ರಜಿಸ್ಟರ್ ಮಾಡೂದೇನ್ರಿ, ಅಜ್ಜಿ?"

"ಮಾಡ್ರಿ," ಎಂದೆ. "ಹಾದ್ಯಾಗ ಕಳೀಬಾರದು."